ಅಲೆಯೇರಿದ ಬಚ್ಚಲ ಬಾಗಿಲು

ಮಣಿಪಾಲದಲ್ಲಿ ನಾನು ಕೂರಿಸಿದ ಬಾಗಿಲುಗಳನ್ನು ಸಾಲಾಗಿ ನಿಲ್ಲಿಸಿದರೆ ಉಡುಪಿ ತಲುಪುತ್ತವೆ! ಈ ಗುರಲಿಂಗಪ್ಪ ಮೇಸ್ತ್ರಿಯ ಲೆವೆಲ್ ಎಂದರೆ ಲೆವೆಲ್. ಆದರೆ ಪರ್ಕಳದ ನಮ್ಮ ಬಾಡಿಗೆ ಕೋಣೆಯ ಬಚ್ಚಲಿಗೆ ಮೂರು ವರ್ಷದಿಂದ ಗೋಣಿತಾಟಿನ ಪರದೆಯೇ ಗತಿ. ಗಾಳಿ ಬೀಸಿದರೆ ನನ್ನ ಹೆಂಡತಿ ಶರಣಮ್ಮನ ಮಾನ ಅದರ ಕೈಯಲ್ಲಿತ್ತು.

2005ರಲ್ಲಿ, ದಸರಾ ಮುಗಿದ ಭಾನುವಾರ, ಕಾಪುವಿನಲ್ಲಿ ನಾನು ಮನೆ ಕಟ್ಟಿಕೊಟ್ಟ ಐರಿನ್ ಬಾಯಿ ಮಿಕ್ಕಿದ ಪ್ಲಾಸ್ಟಿಕ್ ಬಾಗಿಲೊಂದನ್ನು ಕೊಟ್ಟರು. ಶರಣಮ್ಮನ ಮುಖ ಅರಳಿತು. "ಬೆಳಗಿನ ಹೊತ್ತೈತಿ, ಸಮುದ್ರಾನೂ ನೋಡ್ಕೊಂಡು ಹೋಗೋಣ್ರಿ," ಎಂದಳು.

ದೀಪಸ್ತಂಭದ ಬಂಡೆಯ ಬುಡದಲ್ಲಿ ಹೆಗಲ ಮೇಲಿನ ಬಾಗಿಲು ಇಳಿಸಿದೆ. ಹಸಿರು ನೀರು ಆಳೆತ್ತರದ ಗೋಡೆಯಾಗಿ ಏಳುತ್ತಿತ್ತು. ಅದರ ಎದೆಗೆ ಮೂಡಣದ ಬಿಸಿಲು ಬಿದ್ದು ಫಳಫಳ. ಇಂಥ ಗೋಡೆಯನ್ನು ನಾನು ಜನ್ಮದಲ್ಲಿ ಕಟ್ಟಲಾರೆ. ಅದರ ಮೇಲೆ ಪರದೇಶದ ಹುಡುಗಿಯೊಬ್ಬಳು ಹಲಗೆಯೊಂದರ ಮೇಲೆ ನಿಂತು ಜಾರಿ ಬರುತ್ತಿದ್ದಳು.

"ಇದರಾಗೇನೈತಿ? ಹಲಗಿ ಲೆವೆಲ್ ಇರಬೇಕು, ಗಟ್ಟಿ ಹಿಡೀಬೇಕು, ಅಷ್ಟ," ಅಂದೆ.

"ಬಾಗಲಾ ಮುಟ್ಟಬ್ಯಾಡ್ರಿ!" ನನ್ನ ಕೈ ಹೋದ ಕಡೆ ನೋಡಿ ಶರಣಮ್ಮ ಕೂಗಿದಳು.

ಬಲೆ ಬಿಡಿಸುತ್ತಿದ್ದ ಮೀನುಗಾರ ಭೋಜಣ್ಣ ತಲೆಯೆತ್ತಿದರು. "ಎಂತ ಮೇಸ್ತ್ರಿ, ಬಾಗಿಲು ಹಿಡ್ಕೊಂಡು ಎಲ್ಲಿಗೆ? ಈಗ ಗಾಳಿ ನೆಲದಿಂದ ಕಡಲಿಗೆ ಉಂಟು, ತೆರೆ ನೆಟ್ಟಗೆ ನಿಲ್ತದೆ. ಚಂದ ಕಾಣ್ತದೆ ಅಂತ ಸಸಾರ ಮಾಡ್ಬೇಡಿ ಮಾರಾಯ್ರೆ."

ಕೇಳಿದರೆ ನಾನು ಮೇಸ್ತ್ರಿಯೇ? ಸೊಂಟದ ನೀರಿನಲ್ಲಿ ಬಾಗಿಲು ತೇಲಿಸಿ, ಮಟ್ಟ ನೋಡುವ ಸ್ಪಿರಿಟ್ ಲೆವೆಲನ್ನು ಚೀಲದಿಂದ ತೆಗೆದು ಅದರ ಮೇಲಿಟ್ಟೆ. ಗಾಜಿನೊಳಗಿನ ಗುಳ್ಳೆ ನಟ್ಟನಡುವೆ ನಿಂತಿತು. ಗೆದ್ದೆನೆಂದು ಹತ್ತಿದೆ. ಗುಳ್ಳೆ ನಿಂತಿತ್ತು, ಸಮುದ್ರ ನಿಂತಿರಲಿಲ್ಲ.

ಮರಳಿನಲ್ಲಿ ಮೂಗೂರಿ ಎದ್ದಾಗ ಲುಂಗಿ ಕೊರಳಲ್ಲಿತ್ತು. ಲೆವೆಲ್ ಮುಳುಗಿತ್ತು. ಬಾಗಿಲು ಬಂಡೆಗೆ ಬಡಿದು ದೂರ ಹೋಗುತ್ತಿತ್ತು. ಶರಣಮ್ಮ ಬೈಯಲಿಲ್ಲ. "ಮೂರು ವರ್ಷ ಕಾದಿದ್ದೆ," ಎಂದಷ್ಟೇ ಹೇಳಿ ಕೂತಳು. ಬೈದಿದ್ದರೇ ಚೆನ್ನಾಗಿತ್ತು.

"ಅದರ ಹಿಂದೆ ಹೋಗ್ಬೇಡಿ," ಎಂದರು ಭೋಜಣ್ಣ. "ಗಾಳಿ ತಿರುಗಲಿ. ಸಮುದ್ರವೇ ತಂದು ಕೊಡ್ತದೆ."

ಹನ್ನೊಂದಕ್ಕೆ ಗಾಳಿ ತಿರುಗಿತು. ದೂರದಲ್ಲಿ ಬಿಳಿ ಚುಕ್ಕೆಯೊಂದು ಕಂಡಿತು. ನಮ್ಮ ಬಾಗಿಲು! ಅಲೆಯ ನೆತ್ತಿಯೇರಿ, ಒಂದಿಷ್ಟೂ ಓಲಾಡದೆ, ಯಾರ ಹಂಗೂ ಇಲ್ಲದೆ ಜಾರಿ ಬಂದು ಶರಣಮ್ಮನ ಕಾಲಬುಡದಲ್ಲಿ ಮಲಗಿತು. ಪರದೇಶದ ಹುಡುಗಿ ಚಪ್ಪಾಳೆ ತಟ್ಟಿದಳು. ನಾನು ಸಮುದ್ರಕ್ಕೆ ಕೈ ಮುಗಿದೆ.

"ನೋಡ್ರಿ," ಎಂದಳು ಶರಣಮ್ಮ, "ನೀವು ಇಳದ ಮ್ಯಾಲೆ ಎಷ್ಟು ಲೆವೆಲ್ ಬಂತು."

ಸಂಜೆಯೇ ಬಾಗಿಲು ಕೂರಿಸಿದೆ. ಆದರೆ ಬಂಡೆ ಅದರ ಚಿಲಕವನ್ನು ಅಂಚಿನ ಸಮೇತ ಕಿತ್ತುಕೊಂಡಿತ್ತು, ಹೊಸ ಚಿಲಕಕ್ಕೆ ಜಾಗವೇ ಇಲ್ಲ. ಹಾಗಾಗಿ ಆಕೆ ಸ್ನಾನಕ್ಕೆ ಹೋದಾಗಲೆಲ್ಲ ಹೊರಗೆ ಕೂತು ಬಾಗಿಲು ಎಳೆದು ಹಿಡಿಯುವ ಉದ್ಯೋಗ ನನ್ನದು. ಒಳಗೆ ಕೊಡ ತುಂಬುವ ಸದ್ದು ಕೇಳಿದರೆ ಸಾಕು, ಕಿತ್ತ ಅಂಚಿನ ಸಂದಿಯಿಂದ ನೀರು ಮುಖಕ್ಕೇ ಬರುತ್ತದೆಂದು ಕಣ್ಣು ಮುಚ್ಚುತ್ತೇನೆ.

"ಗಟ್ಟಿ ಹಿಡೀರಿ ಮೇಸ್ತ್ರಿ," ಎನ್ನುತ್ತಾಳೆ, "ದೊಡ್ಡ ಅಲಿ ಬರಾಕತ್ತೈತಿ."