ಜಕ್ಕಲಿಯ ಹರಕು ಪೇಟಿ

ಜಗತ್ತಿನ ಯಾವ ವಸ್ತುವನ್ನಾದರೂ ಸರಿಯಾಗಿ ಎರಡು ಪಾಲು ಮಾಡಬಲ್ಲೆ ಎಂಬ ಜಂಬ ನನಗೆ ಬಹಳ ವರ್ಷಗಳಿಂದ ಇತ್ತು. ನಾನು ರೋಣ ತಾಲೂಕಿನಲ್ಲಿ ಹೊಲ ಅಳೆಯುವ ಸರ್ವೇಯರ್. ಮನೆಯಲ್ಲಿ ಹೋಳಿಗೆ ಮುರಿಯುವಾಗಲೂ ನನ್ನ ಕಣ್ಣು ಗಡಿ ಹುಡುಕುತ್ತದೆ. "ನಿಮ್ಮ ಮುಂದ ತಾಟ ಇಡಾಕೂ ಅಂಜಿಕಿ ಬರ್ತೈತಿ" ಎಂದು ಹೆಂಡತಿ ಎಷ್ಟೋ ಸಲ ಹೇಳಿದ್ದಾಳೆ. ಇಂಥ ಮನುಷ್ಯನನ್ನು ಒಂದು ಹರಕು ಹಾರ್ಮೋನಿಯಂ ಮಣ್ಣುಮುಕ್ಕಿಸಿತು ಎಂದರೆ ನೀವು ನಗುತ್ತೀರಿ. ನಗಿ, ಅಡ್ಡಿಯಿಲ್ಲ.

ಕಳೆದ ಶ್ರಾವಣದಲ್ಲಿ ಜಕ್ಕಲಿಯ ಈರಪ್ಪ, ಶೇಖಪ್ಪ ಎಂಬ ಅಣ್ಣತಮ್ಮಂದಿರ ಹೊಲದ ಬದು ಅಳೆಯಲು ಹೋಗಿದ್ದೆ. ಅದು ಮೂರನೆಯ ಸಲ. ಇಬ್ಬರಿಗೂ ಮಾತು ನಿಂತು ವರ್ಷಗಳಾಗಿವೆ. ಎರಡು ಮಾರು ದೂರದಲ್ಲಿ ನಿಂತ ತಮ್ಮನಿಗೆ ಅಣ್ಣ ನನ್ನ ಮೂಲಕವೇ ಹೇಳುವುದು: "ಸಾಹೇಬ್ರ, ಆಂವಗ ಕಲ್ಲ ಬಿಟ್ಟು ಹಿಂದ ಸರಿ ಅನ್ರಿ." ತಮ್ಮನೂ ನನ್ನ ಕಡೆಗೇ ತಿರುಗಿ, "ಆ ಕಲ್ಲ ಅವರಪ್ಪಂದೇನು ಕೇಳ್ರಿ" ಎನ್ನುವುದು. ಅವರಪ್ಪನೇ ಇವರಪ್ಪ ಎಂದು ನೆನಪಿಸುವ ಧೈರ್ಯ ನನಗಾಗಲಿಲ್ಲ.

ಬಿಸಿಲು ಇಳಿಯಿತು, ಅಳತೆ ಮುಗಿಯಲಿಲ್ಲ, ರೋಣದ ಬಸ್ಸೂ ತಪ್ಪಿತು. ಮುಂದಿನ ಬಸ್ಸಿಗೆ ಕಾಯುತ್ತ ಗುಡಿಯ ಎದುರಿನ ಗಂಗವ್ವನ ಚಹಾದಂಗಡಿಯಲ್ಲಿ ಕುಳಿತೆ. ಗುಡಿಯಲ್ಲಿ ಸಂಜೆಯ ಭಜನೆಗೆ ಜನ ಸೇರುತ್ತಿದ್ದರು. ನರಗುಂದದಿಂದ ಗಜೇಂದ್ರಗಡದವರೆಗೆ ನಮ್ಮಲ್ಲಿ ಓಣಿಗೊಂದು ಭಜನೆ, ಭಜನೆಗೊಂದು ಹಾರ್ಮೋನಿಯಂ ಪೇಟಿ ಇದ್ದದ್ದೇ. ಹಾಗಾಗಿ ನಾನೇನೂ ಲಕ್ಷ್ಯ ಕೊಡಲಿಲ್ಲ. ಸ್ವರ ಎದ್ದಾಗ ಸುಮ್ಮನೆ ಕತ್ತೆತ್ತಿದೆ. ಬಾಯಿಗೆ ಒಯ್ದ ಚಹಾ ಅಲ್ಲೇ ನಿಂತಿತು. ಒಂದೇ ಪೇಟಿಯ ಈಚೆ ಕಡೆ ಈರಪ್ಪ, ಆಚೆ ಕಡೆ ಶೇಖಪ್ಪ! ಅಣ್ಣನ ಬೆರಳು ಸ್ವರದ ಪಟ್ಟಿಗಳ ಮೇಲೆ ಓಡುತ್ತಿದ್ದರೆ ತಮ್ಮ ಎರಡೂ ಕೈಯಿಂದ ಗಾಳಿ ಹಾಕುತ್ತಿದ್ದ. ಅಣ್ಣ ದನಿ ಏರಿಸಿದರೆ ತಮ್ಮನ ಕೈ ಬಿರುಸಾಗುತ್ತಿತ್ತು, ಇಳಿಸಿದರೆ ಮೆತ್ತಗಾಗುತ್ತಿತ್ತು. ಒಬ್ಬರ ಮುಖ ಒಬ್ಬರು ನೋಡಲಿಲ್ಲ, ಆದರೆ ಒಂದು ಸ್ವರವೂ ತಪ್ಪಲಿಲ್ಲ. ಸುತ್ತ ಕುಳಿತವರೆಲ್ಲ ಒಟ್ಟಿಗೆ ಆ ಸಾಲನ್ನು ಎತ್ತಿಕೊಂಡಾಗ ನನ್ನ ಮೈಮೇಲೆ ಮುಳ್ಳೆದ್ದವು.

"ಗಾಳಿ ಚೀಲ ಹರದೈತ್ರಿ" ಎಂದಳು ಗಂಗವ್ವ. "ಒಬ್ಬಾಂವ ಎರಡೂ ಕೈಲೆ ಒತ್ತಿದ್ರನ ಸ್ವರಾ ಬರ್ತೈತಿ. ಹೊಲಾ ಹಂಚಿಕೊಂಡ್ರು, ಬಾವಿ ಹಂಚಿಕೊಂಡ್ರು. ಅಪ್ಪನ ಪೇಟಿ ಮಾತ್ರ ಹಂಚಾಕ ಬರಲಿಲ್ಲ ನೋಡ್ರಿ."

"ರಿಪೇರಿ ಮಾಡಿಸಬಾರದೇನವ್ವಾ?"

ದಡ್ಡ ಹುಡುಗನನ್ನು ನೋಡುವಂತೆ ಆಕೆ ನನ್ನನ್ನು ನೋಡಿದಳು. "ಮಾಡಿಸೂದು ಬ್ಯಾಡಂತ ಊರವರೆಲ್ಲಾ ಕೂಡೇ ಠರಾವ್ ಮಾಡೀವ್ರಿ. ರಿಪೇರಿ ಆತಂದ್ರ ಒಬ್ಬಾಂವ ಸಾಕಾಗ್ತಾನ. ಮತ್ತ ಇನ್ನೊಬ್ಬಾಂವ ಎಲ್ಲಿ ಕುಂದರಬೇಕು?"

ನಮ್ಮ ಕಚೇರಿ, ನಕಾಶೆ, ಸರಪಳಿ ಎಲ್ಲ ಸೇರಿ ಮಾಡಲಾಗದ ಕೆಲಸವನ್ನು ಈ ಊರು ಒಂದು ತೂತನ್ನು ತೂತಾಗಿಯೇ ಬಿಟ್ಟು ಮಾಡಿಕೊಂಡಿತ್ತು. ಬೆರಗಿನಿಂದ ಕೂತೇ ಇದ್ದೆ. ಎರಡನೆಯ ಬಸ್ಸೂ ಹೋಯಿತು.

ಬೆರಗಿನ ಬೆನ್ನಿಗೇ ನಾಚಿಕೆಯೂ ಬಂತು. ನಾನೂ ನರಗುಂದದ ನನ್ನ ತಮ್ಮನೂ ಬೇರೆಯಾದಾಗ ಅಪ್ಪನ ತಬಲಾ ಜೋಡಿ ಉಳಿದಿತ್ತು. ಓಣಿಯ ಭಜನೆಯಲ್ಲಿ ತಮ್ಮ ಅದನ್ನು ಬಾರಿಸುತ್ತಿದ್ದ. ನಾನು ಸರ್ವೇಯರ್ ನೋಡಿ! ಬಲಗೈಯ ತಬಲಾ ಅವನಿಗೆ, ಎಡಗೈಯ ಡಗ್ಗಾ ನನಗೆ ಎಂದು ಸಮಪಾಲು ಮಾಡಿಬಿಟ್ಟೆ. ಅಂದಿನಿಂದ ಡಗ್ಗಾ ನಮ್ಮ ಕಪಾಟಿನ ಮೇಲೆ, ಹೆಂಡತಿಯ ಸೂಜಿದಾರದ ಡಬ್ಬಿ ಡಗ್ಗಾದ ಮೇಲೆ. ಆ ಓಣಿಯ ಭಜನೆ ಈಗ ಬರೀ ಕೈತಾಳದ ಮೇಲೆ ನಡೆಯುತ್ತದೆಂದು ಯಾರೋ ಹೇಳಿದಾಗ, "ಅದಕ್ಕ ನಾ ಏನ ಮಾಡ್ಲಿ" ಎಂದಿದ್ದೆ.

ಭಾನುವಾರ ಡಗ್ಗಾವನ್ನು ತೊಡೆಯ ಮೇಲಿಟ್ಟುಕೊಂಡು ನರಗುಂದದ ಬಸ್ಸು ಹತ್ತಿದೆ. "ಇದರ ಜೋಡಿ ಎಲ್ಲೈತ್ರಿ?" ಎಂದು ಕಂಡಕ್ಟರ್ ಕೇಳಿದ. ನಾನು ಕಿಟಕಿಯ ಹೊರಗೆ ನೋಡಿದೆ.

ತಮ್ಮ ಬಾಗಿಲು ತೆರೆದ. "ಇನ್ನೇನ ಅಳ್ಯಾಕ ಬಂದಿ ಅಣ್ಣಾ?"

"ಅಳ್ಯಾಕಲ್ಲೋ. ಇದನ್ನ ಕೊಟ್ಟು ಹೋಗಾಕ ಬಂದೆ."

ಅವನು ಒಳಗೆ ಹೋಗಿ ತಬಲಾ ತಂದು ಡಗ್ಗಾದ ಪಕ್ಕಕ್ಕೆ ಇಟ್ಟ. ಕಣ್ಣು ಒದ್ದೆಯಾಗಿತ್ತು, ತುಟಿಯಲ್ಲಿ ಮಾತ್ರ ತುಂಟತನ. "ಕೊಟ್ಟು ಹೋಗೂದು ಬ್ಯಾಡ. ನಿನ್ನ ಪಾಲಿಂದು ನೀನ ಬಾರಸು, ನನ್ನ ಪಾಲಿಂದು ನಾ ಬಾರಸ್ತೀನಿ. ಕುಂದರು."

ಪಾಲು ಮಾಡುವಾಗ, ನನಗೆ ಬಾರಿಸಲು ಬರುತ್ತದೆಯೇ ಎಂದು ನಾನೇ ಕೇಳಿಕೊಂಡಿರಲಿಲ್ಲ. ಈಗ ಪ್ರತಿ ಸೋಮವಾರ ಸಂಜೆಯ ಭಜನೆಗೆ ನರಗುಂದಕ್ಕೆ ಹೋಗಿ, ತಮ್ಮನ ಮಗ್ಗುಲಲ್ಲಿ ಕುಳಿತು, ಆ ಓಣಿಯ ತಾಳ ಕೆಡಿಸುತ್ತಿದ್ದೇನೆ. ನನ್ನನ್ನು ರಿಪೇರಿ ಮಾಡಲು ಇನ್ನೂ ಯಾರೂ ಮುಂದೆ ಬಂದಿಲ್ಲ.