ನಾಯಿಗಳ ಪಂಕ್ತಿ ಮೊದಲು

ನಮ್ಮತ್ತೆಯ ಮನೆಗೆ ಹೊರಟವರಿಗೆಲ್ಲ ನಾನು ಮೊದಲೇ ಎಚ್ಚರಿಕೆ ಕೊಟ್ಟುಬಿಡುತ್ತೇನೆ. ಅಲ್ಲಿ ಒಂದು ಓವನ್ ಇದೆ, ಅದರಿಂದ ಬಿಸಿ ಬಿಸ್ಕತ್ತಿನ ಘಮ ಬರುತ್ತದೆ, ಮಾಗಿದ ಬಾಳೆಹಣ್ಣಿನ ಪರಿಮಳಕ್ಕೆ ನಿಮ್ಮ ಬಾಯಲ್ಲಿ ನೀರೂ ಬರುತ್ತದೆ. ಆದರೆ ಆಸೆ ಇಟ್ಟುಕೊಳ್ಳಬೇಡಿ. ನಿಮಗೆ ಅಂಗಡಿ ಬಿಸ್ಕತ್ತು. ಮನೆಯಲ್ಲಿ ಮಾಡಿದ್ದು ಬೀದಿನಾಯಿಗಳಿಗೆ!

ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ಗುಬ್ಬಿಯ ಹೈಸ್ಕೂಲಿನಲ್ಲಿ ಡ್ರಿಲ್ ಟೀಚರಾಗಿದ್ದು ರಿಟೈರಾದವರು. ಮಾವನ ಜೊತೆ ಬಟವಾಡಿಯಲ್ಲಿ ಒಂದು ಬಾಡಿಗೆ ಮನೆ ಹಿಡಿದಿದ್ದರು. ನಾನಿರುವುದು ಪಕ್ಕದ ಬೀದಿಯಲ್ಲಿ. ಓವನ್ ಬಂದದ್ದು ಬೀಳ್ಕೊಡುಗೆಯ ದಿನ, ಸಹೋದ್ಯೋಗಿಗಳ ಉಡುಗೊರೆಯಾಗಿ. ಇಷ್ಟು ವರ್ಷ ಮಕ್ಕಳನ್ನು ಬಿಸಿಲಲ್ಲಿ ಬೇಯಿಸಿದವರು ಇನ್ನಾದರೂ ಕೇಕು ಬೇಯಿಸಲಿ ಎಂದುಕೊಂಡಿರಬೇಕು ಪಾಪ.

ಕೇಕಿನ ಯೋಗ ಆ ಓವನ್ನಿಗೆ ಬರಲೇ ಇಲ್ಲ. ಯಾರೋ ಎಸೆದ ಕ್ರೀಮ್ ಬನ್ನುಗಳನ್ನು ತಿಂದ ನಾಯಿಯೊಂದು ಅತ್ತೆಯ ಗೇಟಿನ ಮುಂದೆ ವಾಂತಿ ಮಾಡಿಕೊಂಡು ಬಿದ್ದುಕೊಂಡಿತು. ಅತ್ತೆ ಅದನ್ನು ಆಟೋಗೆ ಹಾಕಿಕೊಂಡು ಪಶು ಆಸ್ಪತ್ರೆಗೆ ಹೋದರು. ಡಾಕ್ಟರು ಇಂಜೆಕ್ಷನ್ ಕೊಟ್ಟು, "ಸಕ್ಕರೆ, ಚಾಕೊಲೇಟ್ ಹಾಕ್ಬೇಡಿ. ದ್ರಾಕ್ಷಿ ಅಂತೂ ವಿಷ. ಹಾಕ್ಲೇಬೇಕು ಅಂದ್ರೆ ಚೂರು ಬಾಳೆಹಣ್ಣು, ಪಪ್ಪಾಯಿ, ಬೀಜ ತೆಗ್ದಿರೋ ಸೇಬು ಹಾಕಿ" ಎಂದರು. ಅವರು ಮಾತಿಗೆ ಹೇಳಿದ್ದು. ಅತ್ತೆ ಅದನ್ನು ಸರ್ಕಾರಿ ಆದೇಶದಂತೆ ಸ್ವೀಕರಿಸಿದರು.

ಮಾರನೆಯ ದಿನವೇ ರಾಗಿಹಿಟ್ಟಿಗೆ ಗೋಧಿಹಿಟ್ಟು ಬೆರೆಸಿ, ಸಿಪ್ಪೆ ಕಪ್ಪಾದ ಏಲಕ್ಕಿ ಬಾಳೆಹಣ್ಣು ಹಿಸುಕಿ, ಪಪ್ಪಾಯಿ ಕಿವುಚಿ, ಕಲಸಿ, ಲಟ್ಟಿಸಿ, ಮಾವನ ಮಾತ್ರೆ ಡಬ್ಬಿಯ ಮುಚ್ಚಳದಿಂದ ಗುಂಡಗೆ ಒತ್ತಿ ಓವನ್ನಿಗಿಟ್ಟರು. ಹಣ್ಣಿನ ಅಂಗಡಿಯವನಿಗೆ ಸುದ್ದಿ ತಲುಪಿ ಅವನು ಒಳ್ಳೆಯ ಮನಸ್ಸಿನಿಂದಲೇ, "ನಾಯಿಗಲ್ವಾ ಅಮ್ಮ, ಈ ಕೊಳೆತಿರೋ ಸೇಬು ತಗಂಡೋಗಿ" ಎಂದ. ಅತ್ತೆ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿ, "ನೀನು ತಿಂತೀಯೇನಪ್ಪ ಇದನ್ನ?" ಎಂದರು. ಅವನು ಇಲ್ಲವೆಂದ. "ಮತ್ತೆ? ಅವುಕ್ಕೂ ನಿನ್ ಥರದ್ದೇ ಹೊಟ್ಟೆ ಇರೋದು." ಅಂದಿನಿಂದ ಅವನು ಅತ್ತೆಯನ್ನು ದೂರದಲ್ಲಿ ಕಂಡರೆ ಒಳ್ಳೆಯ ಹಣ್ಣನ್ನು ಮುಂದಕ್ಕೆ ಸರಿಸಿಡುತ್ತಾನೆ.

ಮನೆಯೊಳಗೂ ಒಂದು ಸಮಸ್ಯೆ ಹುಟ್ಟಿಕೊಂಡಿತು. ಬಿಸ್ಕತ್ತುಗಳು ಕಡಿಮೆ ಬೀಳತೊಡಗಿದವು. ಮಾವನಿಗೆ ಸಕ್ಕರೆ ಕಾಯಿಲೆ. ಒಂದು ಸಂಜೆ ಅವರು ಡಬ್ಬಿಗೆ ಕೈ ಹಾಕಿದ್ದಾಗ ಅತ್ತೆ ಬಂದುಬಿಟ್ಟರು. ನಾನು ಅಲ್ಲೇ ಕೂತಿದ್ದೆ.

"ರೀ, ಅದು ನಾಯಿಗಳ್ದು."

"ಗೊತ್ತು ಕಣೇ. ಸಕ್ಕರೆ ಹಾಕ್ದೆ ಈ ಮನೇಲಿ ಬೇಯಿಸೋದು ಇದೊಂದೇ."

ಅತ್ತೆ ಡಬ್ಬಿ ಕಿತ್ತುಕೊಂಡು ಒಳಗಿದ್ದ ಬಿಸ್ಕತ್ತು ಎಣಿಸಿದರು. ಆಮೇಲೆ ತೀರ್ಪು ಕೊಟ್ಟರು. ಹಿಟ್ಟು ಸ್ವಲ್ಪ ಹೆಚ್ಚು ಕಲಸಲಾಗುವುದು. ಆದರೆ ಮಾವ ತಿನ್ನಬೇಕಾದದ್ದು ನಾಯಿಗಳ ಪಂಕ್ತಿ ಎದ್ದ ಮೇಲೆ. ಮಾವ ಸಂಜೆಯಾದರೆ ಗೇಟಿನ ಬಳಿ ನಿಂತು, "ಎಲ್ಲಾ ತಿಂದ್ವಾ? ಆ ಕರಿಯ ಇನ್ನೂ ಯಾಕೆ ಬಂದಿಲ್ಲ?" ಎಂದು ಚಡಪಡಿಸುವುದನ್ನು ನೋಡಿ, ನೆರೆಹೊರೆಯವರು ಅವರನ್ನೂ ಪ್ರಾಣಿಪ್ರಿಯರೆಂದು ಹೊಗಳುತ್ತಿದ್ದರು.

ಎಲ್ಲರೂ ಹೊಗಳಲಿಲ್ಲ. ಮನೆಯ ಓನರು, ಎದುರುಮನೆಯಲ್ಲೇ ಇದ್ದವರು, ಒಂದು ಭಾನುವಾರ ಬೆಳಿಗ್ಗೆ ಮುಖ ಗಂಟಿಕ್ಕಿಕೊಂಡು ಬಂದರು. ಅತ್ತೆ ಬಟ್ಟೆ ಒಣಗಿಸುತ್ತಿದ್ದರು. ಮಾವ ಮರ್ಯಾದೆಯಿಂದ ಕೂರಿಸಿ, ಟೀ ಮಾಡಿ, ಕೈಗೆ ಸಿಕ್ಕಿದ ಡಬ್ಬಿಯಿಂದ ತಟ್ಟೆಗೆ ಬಿಸ್ಕತ್ತು ಸುರಿದರು. ಯಾವ ಡಬ್ಬಿ ಎಂದು ಬೇರೆ ಹೇಳಬೇಕೆ? ಅತ್ತೆ ಒಳಗೆ ಬರುವಷ್ಟರಲ್ಲಿ ಓನರು ಎರಡನೆಯದನ್ನು ಟೀಗೆ ಅದ್ದುತ್ತಿದ್ದರು.

"ನೋಡಿ ಮೇಡಮ್ಮೋರೆ, ನೇರವಾಗಿ ಹೇಳ್ತೀನಿ. ಬೀದಿ ನಾಯಿಗಳೆಲ್ಲ ನಮ್ಮ ಗೇಟ್ ಮುಂದೇನೇ ಬೀಡುಬಿಟ್ಟವೆ. ನಮ್ಮ ಮನೆ ಹೆಂಗಸ್ರು ಓಡಾಡೋಕ್ಕೆ ಹೆದರ್ತಾರೆ. ಅವುಕ್ಕೆ ಅದೇನೋ ಮಾಡಿ ಹಾಕ್ತೀರಂತಲ್ಲ, ಅದನ್ನ ನಿಲ್ಲಿಸ್ಬಿಡಿ."

"ಒಂದಾದ್ರೂ ಯಾರಿಗಾದ್ರೂ ಕಚ್ಚೈತಾ?"

"ಕಚ್ಚಿಲ್ಲ. ಕಚ್ಚಿದ್ರೆ?"

"ಎಲ್ಲಕ್ಕೂ ಸೂಜಿ ಹಾಕ್ಸಿದೀನಿ. ಬಾಯಿಗೆ ಬಿಸ್ಕತ್ತು ಇಟ್ಟು, ಹಿಂದಿಂದ ಡಾಕ್ಟ್ರು ಹಾಕಿದ್ರು. ಈ ಬೀದೀಲಿ ಹೆದರ್ಬೇಕಾದ್ದು ಸೂಜಿ ಹಾಕ್ಸ್ಕೊಳ್ದೇ ಇರೋವ್ರಿಗೆ."

ಓನರು ಮೂರನೆಯ ಬಿಸ್ಕತ್ತಿಗೆ ಕೈ ಚಾಚಿ, "ಮನುಷ್ಯರಿಗೇ ತಿನ್ನೋಕಿಲ್ಲ, ನಾಯಿಗೆ ಬೇಕರಿ ಇಟ್ಟಿದೀರಂತೆ" ಎಂದರು.

"ಹೆಂಗೈತೆ ಅದು?" ಅತ್ತೆ ಕೇಳಿದರು.

"ಯಾವುದು, ಇದಾ? ಚೆನ್ನಾಗೈತೆ, ಸಿಹಿ ಒಸಿ ಕಮ್ಮಿ."

"ಅವೂ ದೂರು ಹೇಳಿಲ್ಲ."

ಓನರು ಟೀ ಮುಗಿಸಲಿಲ್ಲ. ನಾಯಿಗಳಿಂದಾಗಿ ಶುರುವಾದ ಜಗಳ ಆ ಘಳಿಗೆಯಿಂದ ಸ್ವಂತ ಮಾನದ ಜಗಳವಾಯಿತು.

ವಾರ ಕಳೆಯುವುದರಲ್ಲಿ ಅವರು ಒಂದು ಏರ್ಪಾಡು ಮಾಡಿಕೊಂಡೇ ಬಂದರು. ಟೆಂಪೋ ಬರುತ್ತದೆ, ನಾಯಿಗಳನ್ನು ತುಂಬಿಕೊಂಡು ಸಿ.ಎಸ್. ಪುರದ ಕಡೆ ಎಲ್ಲಾದರೂ ಬಿಟ್ಟುಬರುತ್ತಾರೆ. ಆದರೆ ನಾಯಿಗಳು ಬೇರೆಯವರ ಕೈಗೆ ಸಿಗುವುದಿಲ್ಲ. "ನೀವು ಡಬ್ಬಿ ಹಿಡ್ಕಂಡು ಟೆಂಪೋ ಹತ್ರ ನಿಂತ್ಕೊಂಡ್ರೆ ಸಾಕು, ತಾವೇ ಹತ್ಕೊಳ್ತವೆ. ಇಲ್ಲಾಂದ್ರೆ ತಿಂಗ್ಳ ಕೊನೆಗೆ ಮನೆ ಖಾಲಿ ಮಾಡ್ಬೇಕಾಗ್ತದೆ."

ಅತ್ತೆ ಡಬ್ಬಿಯ ಮುಚ್ಚಳ ಬಿಗಿಮಾಡಿದರು. ಆಮೇಲೆ ಮೆಲ್ಲಗೆ ಹೇಳಿದರು. "ಮನೆ ಖಾಲಿ ಮಾಡ್ತೀನಿ. ಈ ಕೈಲಿ ತಿಂಡಿ ತೋರ್ಸಿ ಮೋಸ ಮಾಡು ಅಂದ್ರೆ ಆಗಲ್ಲ."

ಸುದ್ದಿ ಕುಣಿಗಲ್ಲಿಗೆ ಮುಟ್ಟಿತು. ಅಲ್ಲಿರುವುದು ಅತ್ತೆಯ ಒಬ್ಬಳೇ ಮಗಳು, ವರಸೆಯಲ್ಲಿ ನನಗೆ ಅತ್ತಿಗೆ. ಫೋನಿನಲ್ಲಿ ಅವಳ ದನಿ ನಡುಮನೆಗೆಲ್ಲ ಕೇಳಿಸುತ್ತಿತ್ತು. "ಈ ವಯಸ್ಸಲ್ಲಿ ನಾಯಿಗೋಸ್ಕರ ಮನೆ ಬದಲಾಯಿಸ್ತೀಯೇನಮ್ಮ? ನನ್ ಗಂಡನ ಮನೇಲಿ ನಗ್ತಾ ಅವ್ರೆ." ಅತ್ತೆ, "ನಗ್ಲಿ ಬಿಡು, ಆರೋಗ್ಯಕ್ಕೆ ಒಳ್ಳೇದು" ಎಂದು ಫೋನಿಟ್ಟರು.

ಟೆಂಪೋ ಬಂದೇ ಬಂತು. ಇಬ್ಬರು ಕೋಳಿ ಚೂರು ತೋರಿಸಿ ಕರೆದರು. ನಾಯಿಗಳು ದೂರದಿಂದ ಮೂಗರಳಿಸಿ ನೋಡಿದವೇ ಹೊರತು ಹತ್ತಿರ ಸುಳಿಯಲಿಲ್ಲ. ಅವರು ಹಗ್ಗದ ಕುಣಿಕೆ ಹೊರತೆಗೆದಾಗ ಅತ್ತೆ ಒಳಗೆ ಹೋಗಿ ಡ್ರಿಲ್ ವಿಷಲ್ ತಂದು, ಗೇಟು ಪೂರ್ತಿ ತೆರೆದು, ದಿನಾ ಬಿಸ್ಕತ್ತಿಗೆ ಕರೆಯುವಂತೆ ಒಂದು ಉದ್ದನೆಯ ಊದು ಊದಿದರು. ಬೀದಿಯ ಎಲ್ಲ ಮೂಲೆಗಳಿಂದ ನಾಯಿಗಳು ಓಡಿಬಂದು ಕಾಂಪೌಂಡಿನೊಳಗೆ ತುಂಬಿಕೊಂಡವು. ಅತ್ತೆ ಗೇಟಿಗೆ ಚಿಲಕ ಹಾಕಿದರು.

"ಏನ್ ಮೇಡಮ್ಮೋರೆ ಇದು, ಮನೆ ನಂದು" ಎಂದರು ಓನರು ಹೊರಗಿನಿಂದ.

"ಈ ತಿಂಗ್ಳ ಬಾಡಿಗೆ ಕೊಟ್ಟಿದೀನಿ. ಇವತ್ತು ಈ ಕಾಂಪೌಂಡು ನಂದು. ಇವು ನನ್ ನೆಂಟ್ರು."

ಟೆಂಪೋ ಖಾಲಿ ಹೋಯಿತು. ತಿಂಗಳ ಕೊನೆಗೆ ಅತ್ತೆಯೂ ಹೋದರು. ಹೈವೇಗೆ ಇನ್ನಷ್ಟು ಹತ್ತಿರದಲ್ಲಿ, ಸದ್ದುಗದ್ದಲದ ನಡುವೆ ಒಂದು ಚಿಕ್ಕ ಮನೆ. ಹಳೆಯ ನಾಯಿಗಳು ತಮ್ಮ ಸರಹದ್ದು ದಾಟಿ ಅಲ್ಲಿಗೆ ಬರಲಿಲ್ಲ. ಹಾಗಾದರೆ ಕಥೆ ಮುಗಿಯಿತೆಂದು ಓನರು ನೆಮ್ಮದಿಯಾಗಿದ್ದರೇನೋ. ಆದರೆ ಸಂಜೆಯಾಗುತ್ತಲೇ ಅತ್ತೆ ಡಬ್ಬಿ ಹಿಡಿದು ಹಳೆಯ ಬೀದಿಗೆ ನಡೆದುಕೊಂಡು ಹೋಗತೊಡಗಿದರು. ಬಾಲ್ಕನಿಯಲ್ಲಿ ಓನರು ಕಂಡರೆ, "ಚೆನ್ನಾಗಿದೀರಾ?" ಎಂದು ಗಟ್ಟಿಯಾಗಿ ವಿಚಾರಿಸುತ್ತಿದ್ದರು. ರಸ್ತೆಗೆ ಅವರು ಓನರಲ್ಲವಲ್ಲ!

ಇದನ್ನೆಲ್ಲ ನಿಲ್ಲಿಸಿಯೇ ತೀರುತ್ತೇನೆಂದು ಅತ್ತಿಗೆ ಒಂದು ಶನಿವಾರ ಕುಣಿಗಲ್ ಬಸ್ಸಿನಲ್ಲಿ ಬಂದಿಳಿದಳು. ಅತ್ತೆ ಆಗಲೇ ಹೊರಟು ನಿಂತಿದ್ದರು. "ಬಯ್ಯೋದಿದ್ರೆ ನಡ್ಕಂಡ್ ಬಯ್ಯಿ, ಹೊತ್ತಾಯ್ತು" ಎಂದರು. ನಾವಿಬ್ಬರೂ ಹಿಂದೆ ಹೋದೆವು. ದಾರಿಯುದ್ದಕ್ಕೂ ಅತ್ತಿಗೆ ಮಾತಾಡಿದಳು. ಅತ್ತೆ ಕೇಳಿಸಿಕೊಂಡರು, ಅಥವಾ ಹಾಗೆ ನಟಿಸಿದರು.

ನಾಯಿಗಳೆಲ್ಲ ತಿಂದು ಚದುರಿದ ಮೇಲೆ ಒಂದು ಮುದಿ ಹೆಣ್ಣುನಾಯಿ ತಡವಾಗಿ ಬಂತು. ಹಲ್ಲು ಉದುರಿಹೋಗಿದ್ದವು. ಅತ್ತೆ ಚರಂಡಿ ಪಕ್ಕದ ಚಪ್ಪಡಿಯ ಮೇಲೆ ಕೂತು, ಬಿಸ್ಕತ್ತನ್ನು ಪುಡಿ ಮಾಡಿ, ಬಾಟಲಿ ನೀರಿನಲ್ಲಿ ನೆನೆಸಿ, ಅಂಗೈ ಮುಂದೆ ಚಾಚಿದರು. "ತಿನ್ನು ಮಗಳೆ. ನಿಧಾನಕ್ಕೆ ತಿನ್ನು. ಯಾರೂ ಕಿತ್ಕೊಳಲ್ಲ."

ಅತ್ತಿಗೆಯ ಮಾತು ಅಲ್ಲಿಗೆ ನಿಂತುಹೋಯಿತು. ಅವಳು ಓದಿದ್ದು ಅಮ್ಮನ ಹೈಸ್ಕೂಲಿನಲ್ಲೇ. ಮಗಳೆಂದು ಮೆತ್ತಗಾದರೆ ಜನ ಆಡಿಕೊಳ್ಳುತ್ತಾರೆಂದು ಅತ್ತೆ ಅವಳನ್ನು ಮೈದಾನದಲ್ಲಿ ಎಲ್ಲರಿಗಿಂತ ಹೆಚ್ಚು ಓಡಿಸಿದ್ದರಂತೆ, ಮನೆಯಲ್ಲೂ ಅದೇ ದನಿಯಲ್ಲಿ ಕರೆಯುತ್ತಿದ್ದರಂತೆ. ಇದನ್ನು ಅವಳು ನನಗೆ ಹೇಳಿದ್ದು ಆಮೇಲೆ. ಆ ಸಂಜೆ ಅವಳು ಒಳ್ಳೆಯ ಸೀರೆಯಲ್ಲೇ ಚಪ್ಪಡಿಯ ಮೇಲೆ ಅಮ್ಮನ ಪಕ್ಕ ಕೂತಳು. ಸ್ವಲ್ಪ ಹೊತ್ತಿನ ಮೇಲೆ ಅವಳೂ ಅಂಗೈ ಚಾಚಿದಳು.

"ನಂಗಿಲ್ವೇನಮ್ಮ?"

ಅತ್ತೆ ಅವಳ ಮುಖ ನೋಡಿದರು. "ಉಪ್ಪಿಲ್ಲ, ಸಕ್ಕರೆ ಇಲ್ಲ ಕಣೇ ಅದ್ರಲ್ಲಿ."

"ಪರ್ವಾಗಿಲ್ಲ ಕೊಡು."

ಅತ್ತೆ ಬಾಟಲಿ ನೀರಿನಿಂದ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಡಬ್ಬಿಯ ತಳದಿಂದ ಮುರಿಯದ ಒಂದು ಬಿಸ್ಕತ್ತನ್ನು ಹುಡುಕಿ ತೆಗೆದರು. ಚಾಚಿದ ಅಂಗೈಗೆ ಹಾಕಲಿಲ್ಲ. ನಡುಬೀದಿಯಲ್ಲಿ, ನಲವತ್ತು ದಾಟಿದ ಮಗಳ ಗಲ್ಲ ಹಿಡಿದು, ಬಾಯಿಗೇ ಇಟ್ಟರು.