ಅತ್ತಿಗೆಯ ಸಿಲಿಂಡರ್ ಪಾಠ

ಊಟಕ್ಕೆ ನನ್ನ ಅತ್ತಿಗೆಯ ಪಕ್ಕ ಮಾತ್ರ ಕೂರಬೇಡಿ! ಎಲೆಗೆ ಬಡಿಸಿದ್ದು ಹೊಟ್ಟೆಗೆ ಸೇರುವ ಮೊದಲು ಪಾಠಕ್ಕೆ ಸೇರಿಬಿಡುತ್ತದೆ.

ಅತ್ತಿಗೆ ಕೋಟದ ಹತ್ತಿರದ ಶಾಲೆಯೊಂದರಲ್ಲಿ ಒಂದನೇ ಕ್ಲಾಸಿನ ಟೀಚರ್. ಲೆಕ್ಕದ ಪಾಠದಲ್ಲಿ ಗೋಳ, ಘನ, ಶಂಕು ಎಲ್ಲ ಬರುತ್ತವೆ. ಆದರೆ ಅವರಿಗೆ ಹುಚ್ಚು ಹಿಡಿಸಿದ್ದು ಸಿಲಿಂಡರ್ ಒಂದೇ. ಯಾಕೆ ಅಂತ ಕೇಳಿದರೆ, "ಇದ್ಕ್ ಒಂದ್ ಮೂಲೆ ಇಲ್ಲೆ ಕಾಣ್, ಯಾರಿಗೂ ಚುಚ್ಚುದಿಲ್ಲೆ. ಎಂಥಾ ಗುಣ ಮಾರಾಯ್ತಿ!" ಅನ್ನುತ್ತಾರೆ. ಅಣ್ಣನಿಗೆ ಹೆಣ್ಣು ನೋಡಲು ಹೋದಾಗ ನಾವು ಅವರನ್ನೇ ಇಷ್ಟು ಹೊಗಳಿರಲಿಲ್ಲ!

ಒಮ್ಮೆ ಬಾರ್ಕೂರಿನ ಮದುವೆಮನೆಯಲ್ಲಿ ಬೆಳಗಿನ ತಿಂಡಿಗೆ ಮೂಡೆ. ಅತ್ತಿಗೆ ಅದರ ಎಲೆ ಬಿಚ್ಚಿ, ಉದ್ದುದ್ದ ಬಿಳಿ ಕಡುಬನ್ನು ಎತ್ತಿ ಹಿಡಿದು, ಪಕ್ಕದಲ್ಲಿ ಕೂತ ಯಾರದೋ ಮಗುವನ್ನು ಕೇಳಿದರು: "ಇದ್ಕ್ ಎಷ್ಟ್ ಮುಖ ಇತ್ತ್ ಮಗಾ?"

ಮಗು ಕಡುಬನ್ನು ಸುತ್ತಲೂ ಪರೀಕ್ಷಿಸಿ ನೋಡಿ, "ಮುಖ ಇಲ್ಲೆ. ಚಟ್ನಿ ಇತ್ತ್" ಅಂದಿತು.

ಶಾಲೆಯಲ್ಲೂ ಇದೇ ಕಥೆ. "ಸಿಲಿಂಡರ್ ಅಂದ್ರೆ ಎಂತ ಮಕ್ಳೆ?" ಅಂದದ್ದೇ ತಡ, ಇಡೀ ಕ್ಲಾಸು "ಖಾಲಿ ಆಪ್ದ್!" ಅಂತ ಕೂಗಿತಂತೆ. ಒಬ್ಬಳು ಎದ್ದು ನಿಂತು, "ಅದ್ ಖಾಲಿ ಆದ್ ದಿನ ಅಪ್ಪ ಅಮ್ಮ ಜಗಳ ಮಾಡ್ತ್ರ್ ಟೀಚರೇ" ಅಂತ ವಿವರಣೆಯನ್ನೂ ಕೊಟ್ಟಳಂತೆ. ಇನ್ನೆಲ್ಲಿಯ ಪಾಠ!

ಈ ಹುಚ್ಚಿಗೆ ಗಾಳಿ ಹಾಕುತ್ತಿದ್ದವನು ನಮ್ಮಣ್ಣನೇ. ಅವನು ಪ್ಲಂಬರ್. ಪ್ರತಿವರ್ಷ ಆ ಪಾಠ ಬರುವ ಹೊತ್ತಿಗೆ ಕೆಲಸದಲ್ಲಿ ಉಳಿದ ಪಿವಿಸಿ ಪೈಪುಗಳನ್ನು ಜಗಲಿಯಲ್ಲಿ ಹರಡಿಕೊಂಡು ಗೇಣುದ್ದದ ತುಂಡು ಮಾಡುತ್ತಿದ್ದ, ಮಗುವಿಗೊಂದರಂತೆ. ಅಂಚನ್ನು ಉಪ್ಪುಕಾಗದದಲ್ಲಿ ತಿಕ್ಕುವುದು, ಆಮೇಲೆ ತನ್ನ ಕೆನ್ನೆಗೆ ಒರೆಸಿ ನೋಡುವುದು. ಚೂರು ತರಚಿದರೂ ಮತ್ತೆ ತಿಕ್ಕುವುದು. ಅತ್ತಿಗೆಗೆ ತಾಳ್ಮೆ ಎಲ್ಲಿ?

"ಹ್ವಾಯ್, ಪಾಠ ಇಪ್ದ್ ನಾಳೆ. ಬಪ್ಪ್ ವರ್ಷ ಅಲ್ಲ!"

"ಮಕ್ಳ್ ಕೈ ಮಾರಾಯ್ತಿ" ಅನ್ನುತ್ತಿದ್ದ ಅಣ್ಣ, ಇನ್ನೊಂದು ತುಂಡನ್ನು ಕೆನ್ನೆಗೆ ಹಿಡಿದುಕೊಂಡು. ಕನ್ನಡಿಯಿಲ್ಲದೆ ಗಡ್ಡ ಹೆರೆಯುವವನಂತೆ ಕಾಣುತ್ತಿದ್ದ.

ಈ ವರ್ಷ ಆ ಪಾಠ ಬರುವ ಮೊದಲೇ ಅಣ್ಣ ಹೋಗಿಬಿಟ್ಟ. ಬಸ್ರೂರಿನ ಒಂದು ಮನೆಯ ತಾರಸಿಯಲ್ಲಿ ಟ್ಯಾಂಕಿಗೆ ಪೈಪ್ ಜೋಡಿಸುತ್ತಿದ್ದವನು ಎದೆ ಹಿಡಿದುಕೊಂಡು ಕೂತನಂತೆ. ನೀರು ತರಲು ಕೆಳಗಿಳಿದವರು ಮೇಲೆ ಹತ್ತುವುದರೊಳಗೆ ಎಲ್ಲ ಮುಗಿದಿತ್ತು.

ಅತ್ತಿಗೆ ಅಳಲಿಲ್ಲ. ಹೆಣವನ್ನು ಅಂಗಳದಲ್ಲಿ ಮಲಗಿಸಿದ್ದಾಗಲೂ ಇಲ್ಲ, ಚಿತೆಗೆ ಹೊತ್ತೊಯ್ದಾಗಲೂ ಇಲ್ಲ. ಕ್ರಿಯೆಯೆಲ್ಲ ಮುಗಿದ ಮಾರನೇ ದಿನವೇ ಬ್ಯಾಗು ಹೆಗಲಿಗೇರಿಸಿ, "ಪಾಠ ಬಾಕಿ ಇತ್ತ್" ಅಂತ ಶಾಲೆಗೆ ಹೊರಟರು. ನೆಂಟರು ಮುಖ ಮುಖ ನೋಡಿಕೊಂಡರು. ಸುಳ್ಳು ಯಾಕೆ ಹೇಳಲಿ? ನನಗೂ ಸಿಟ್ಟು ಬಂತು. ಸತ್ತವನು ನನ್ನ ಅಣ್ಣ!

ಆ ಭಾನುವಾರ ಮಧ್ಯಾಹ್ನ ಜಗಲಿಯಲ್ಲಿ ಕರಕರ ಸದ್ದು. ಹೋಗಿ ನೋಡಿದರೆ ಅತ್ತಿಗೆ ಪೈಪಿನ ಮೇಲೆ ಕಾಲಿಟ್ಟು, ಅಣ್ಣನ ಗರಗಸ ಹಿಡಿದು ಬೆವರುತ್ತಿದ್ದಾರೆ.

"ಬಿಡಿ ಅತ್ಗೆ. ಯಾರತ್ರಾದ್ರೂ ಕೊಯ್ಸಿ ತತ್ತೆ."

"ಬ್ಯಾಡ. ಅವ್ರಿಗ್ ಸಮಾ ಬತ್ತಿಲ್ಲೆ."

"ನಿಮ್ಗ್ ಬತ್ತಾ?"

ಅತ್ತಿಗೆ ಮತ್ತೆ ಗರಗಸ ಎಳೆದರು. ಸಂಜೆಯವರೆಗೆ ಕೊಯ್ದರು. ಒಂದಾದರೂ ನೇರ ಬಂದಿದ್ದರೆ ಕೇಳಿ! ಎಲ್ಲ ತುಂಡಿನ ಬುಡವೂ ಓರೆ. ಆದರೂ ಒಂದೊಂದನ್ನೂ ತಿಕ್ಕಿ, ಕೆನ್ನೆಗೆ ಒರೆಸಿ ನೋಡಿದರು. ರಾತ್ರಿ ಊಟಕ್ಕೆ ಕೂತಾಗ ಅವರ ಕೆನ್ನೆಯ ತುಂಬ ಕೆಂಪು ಗೀರುಗಳು. ನಾನು ತಲೆ ಎತ್ತದೆ ಉಂಡೆ. ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಮರುದಿನ ಪೈಪಿನ ಚೀಲ ಹೊತ್ತು ನಾನೂ ಶಾಲೆಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಅತ್ತಿಗೆ ಎಲ್ಲರಿಗೂ ಒಂದೊಂದು ತುಂಡು ಹಂಚಿ, "ನಿಲ್ಸಿ ಕಾಂಬ ಮಕ್ಳೆ" ಅಂದರು. ಟಪ್, ಟಪ್, ಟಪ್! ಒಂದೂ ನಿಲ್ಲಲಿಲ್ಲ. ಎಲ್ಲವೂ ಬಿದ್ದು ಉರುಳಿ ಬೆಂಚಿನಡಿ ಸೇರಿದವು. ಮಕ್ಕಳಿಗೆ ನಗುವೋ ನಗು. ನನಗೂ ನಗು ತಡೆಯಲಾಗಲಿಲ್ಲ.

ಮುಂದಿನ ಬೆಂಚಿನ ಪುಟ್ಟ ಹುಡುಗಿಯೊಬ್ಬಳು ಮಾತ್ರ ನಗದೆ ತನ್ನ ತುಂಡನ್ನು ಮತ್ತೆ ಮತ್ತೆ ನಿಲ್ಲಿಸಿ ಸೋತಳು. "ಟೀಚರೇ, ಇದ್ ನಿಲ್ತಿಲ್ಲೆ. ನಮ್ ಅಕ್ಕಂಗ್ ಕೊಟ್ಟದ್ ನಿಂತಿತ್ತ್. ಇದ್ ಯಾರ್ ಕೊಯ್ದದ್?"

"ನಾನ್" ಅಂದರು ಅತ್ತಿಗೆ. ಕುರ್ಚಿಯಲ್ಲಿ ಕುಸಿದು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು, ಅಷ್ಟು ದಿನ ಅಳದವರು ಆ ಪುಟಾಣಿಗಳ ಎದುರು ಬಿಕ್ಕಿ ಬಿಕ್ಕಿ ಅತ್ತರು.

ನಗು ಥಟ್ಟನೆ ನಿಂತಿತು. ನಾನು ಏಳುವುದರೊಳಗೆ ಆ ಹುಡುಗಿ ಎದ್ದಿದ್ದಳು. ತನ್ನ ತುಂಡನ್ನು ತಂದು ಅತ್ತಿಗೆಯ ಮೇಜಿನ ಮೇಲಿಟ್ಟು, ಬೀಳದಂತೆ ಎರಡೂ ಕೈಯಲ್ಲಿ ಒತ್ತಿ ಹಿಡಿದಳು.

"ನಾನ್ ಹಿಡ್ಕಂತೆ ಟೀಚರೇ. ನೀವ್ ಪಾಠ ಮಾಡಿ."

ಅತ್ತಿಗೆ ಕಣ್ಣೊರೆಸಿಕೊಂಡು ಎದ್ದರು, ಪಾಠ ಮಾಡಿದರು. ಗಂಟೆ ಹೊಡೆಯುವವರೆಗೂ ಅವಳು ಕೈ ತೆಗೆಯಲಿಲ್ಲ. ಉಳಿದ ಮಕ್ಕಳೆಲ್ಲ ಹೊರಗೆ ಓಡಿದ ಮೇಲೆ ಅತ್ತಿಗೆ ಆ ಪುಟ್ಟ ಬೆರಳುಗಳನ್ನು ಪೈಪಿನಿಂದ ಮೆಲ್ಲಗೆ ಬಿಡಿಸಿ, ತಮ್ಮ ಅಂಗೈಯೊಳಗೆ ಇಟ್ಟುಕೊಂಡರು.